ತನಗೂ ಪರರಿಗೂ ಮಾರುವ ಅಧಿಕಾರ

ಮರ್ಸಾ ಮತ್ರೂಹ್ ಶಿಬಿರ
೨೦ ಅಕ್ಟೋಬರ್ ೨೦೨೩

ಮೆರ್ವತ್ ಅಕ್ಕಾ,

ಫೋನನ್ನು ಗೇಟಿನಲ್ಲೇ ಇಸಿದುಕೊಂಡರು. ಹಾಗಾಗಿ ಕಾಗದ. ನಗಬೇಡ. ಎಂಟನೆಯ ತರಗತಿಯಲ್ಲಿ ಶಾಲೆಯ ಗೋಡೆ ಹಾರಿದವನ ಕೈಬರಹ ಇಷ್ಟು ನೆಟ್ಟಗಿರುವುದೇ ಹೆಚ್ಚು. ಹಾರಿದ್ದಕ್ಕೆ ಸರ್ಕಾರ ಈಗ ದಂಡ ಹಾಕಿದೆ: ಪದವಿ ಇದ್ದವನಿಗೆ ಒಂದು ವರ್ಷ ಸೈನ್ಯ, ನನ್ನಂಥವನಿಗೆ ಮೂರು. ಇಲ್ಲಿ ಮರಳು, ಗಾಳಿ, ಬೆಳಿಗ್ಗೆ ಬೇಯಿಸಿದ ಅವರೆ, ಮಧ್ಯಾಹ್ನ ಅದರ ತಮ್ಮ. ಒಂದು ಕಡೆ ಕೂತು ಗೊತ್ತಿಲ್ಲದ ನನಗೆ ದಿನವಿಡೀ ಒಂದೇ ಕಡೆ ನಿಲ್ಲುವ ಕೆಲಸ ಕೊಟ್ಟಿದ್ದಾರೆ.

ಆದರೂ ಹಾಸಿಗೆಗೆ ಬಿದ್ದರೆ ನಿದ್ದೆ. ಅದಕ್ಕೆ ಕಾರಣ ನೀನು. ನೋಂದಣಿ ಕಚೇರಿಯ ಆ ಬೆಳಗು ನೆನಪಿದೆಯಾ? ಕಿಟಕಿಯಾಚೆಯ ಗುಮಾಸ್ತ ಚಹಾ ಹೀರುತ್ತ, "ಎಂಥಾ ಮುಖ್ತ್ಯಾರು ಪತ್ರ ಬೇಕಯ್ಯಾ? ಬರೀ ಓಡಾಡೋಕಾ, ಮಾರೋಕೂನಾ?" ಎಂದ.

"ಎಲ್ಲಾ ಬರೀರಿ," ಎಂದೆ.

"'ತನಗೂ ಪರರಿಗೂ ಮಾರುವ ಅಧಿಕಾರ' ಅಂತಾನೂ ಬರೀಲಾ? ಹಾಗಂದ್ರೆ ನಿನ್ನ ಸ್ವತ್ತನ್ನ ಈಯಮ್ಮ ತಾನೇ ಕೊಂಡ್ಕೋಬಹುದು. ಯೋಚ್ನೆ ಮಾಡಿ ಹೇಳು."

"ಯೋಚ್ನೆ ಎಂಥದು ಸಾರ್? ನಮ್ಮಮ್ಮನ ಎದೆಹಾಲು ಕುಡಿದವಳು, ಅಂದ್ರೆ ನನ್ನ ಅಕ್ಕನೇ."

ಅವನು ನಿನ್ನನ್ನೊಮ್ಮೆ ನೋಡಿ, "ಹಾಗಾದ್ರೆ ನಮಗೇನ್ ಬಿಡಿ, ಮೆತ್ರ್," ಎಂದು ವಕೀಲರನ್ನು ಕರೆಯುವ ಹಾಗೆಯೇ ನಿನ್ನನ್ನು ಕರೆದು ಠಸ್ಸೆ ಒತ್ತಿದ. ನಿನ್ನ ತಾಯಿ ಹೆರಿಗೆಯ ಜ್ವರದಲ್ಲಿ ಮಲಗಿದ್ದಾಗ ನಮ್ಮಮ್ಮ ಎದುರುಮನೆಯಿಂದ ಓಡಿಬಂದು ಅಣ್ಣನ ಪಾಲಿನ ಹಾಲನ್ನು ನಿನಗೂ ಕುಡಿಸಿದ್ದು ದಮಿಯೆತ್ತದ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಆ ಗುಮಾಸ್ತನೊಬ್ಬನಿಗೆ ಗೊತ್ತಿರಲಿಲ್ಲ, ಅಷ್ಟೆ.

ಇಲ್ಲಿಯ ಹುಡುಗರು ನನ್ನ ಕಂಪನಿ ಏನು ಮಾಡುತ್ತದೆ ಎಂದು ಕೇಳಿದರು. ನಿಮ್ಮ ಮನೆಯ ಮೇಜು ಕುರ್ಚಿ ಮೆರುಗು ಕಳೆದುಕೊಂಡರೆ ಫೋನಿನಲ್ಲಿ ಚಿತ್ರ ಕಳಿಸಿ, ದಮಿಯೆತ್ತದಿಂದ ಕಲಿತುಬಂದ ಅಸ್ತರ್ಜಿ ಮನೆಗೇ ಬಂದು ಅರಗು ಹಚ್ಚಿ ಮದುವೆ ಹೆಣ್ಣಿನಂತೆ ಮಾಡಿ ಹೋಗುತ್ತಾನೆ ಎಂದೆ. "ಅದಕ್ಕೂ ಒಂದು ಕಂಪನಿಯಾ? ಹೆಸರೇನೋ?" ಎಂದರು. "ಗೊಮ್ಮಲಾಕಾ," ಎಂದೆ. ಅರಗಿಗೆ ಇಟ್ಟ ಹೆಸರನ್ನೇ ಕಂಪನಿಗೂ ಇಟ್ಟಿದ್ದಕ್ಕೆ ಬಿದ್ದು ಬಿದ್ದು ನಕ್ಕರು.

ಒಂದೇ ಮಾತು ಅಕ್ಕಾ. ಕಂಪನಿಯ ಕಾಲು ಪಾಲು ಅಸ್ತರ್ಜಿಗಳದ್ದು. ಅವರ ಮೇಸ್ತ್ರಿ ಉಸ್ತಾ ಹಮ್ಮೂದಾನ ಅಂಗಳದಲ್ಲಿ ಅವರೆಲ್ಲರ ಜೊತೆ ಕೈಯೆತ್ತಿ ಕುರಾನಿನ ಫಾತಿಹಾ ಓದಿ ಕೊಟ್ಟ ಮಾತು. ಅದು ಈಗ ನನ್ನ ಹೆಸರಿನಲ್ಲಿ ನನ್ನ ಪಾಲಿನ ಜೊತೆಗೇ ಇದೆ. ಫಾತಿಹಾ ಓದಿದ ಮೇಲೆ ನಮ್ಮವರು ಕಾಗದ ಕೇಳುವುದಿಲ್ಲ, ಕೇಳಿದರೆ ಅವಮಾನ. ಆದರೆ ನೀನು ವಕೀಲೆ, ಅದನ್ನು ಕಾಗದಕ್ಕೆ ಇಳಿಸು. ಉಳಿದದ್ದೆಲ್ಲ ನಿನಗೆ ಬಿಟ್ಟದ್ದು.

ನಿನ್ನ ತಮ್ಮ,
ಶಹಾತಾ


ಕೈರೋ
೯ ನವೆಂಬರ್ ೨೦೨೩

ಪ್ರೀತಿಯ ಶಹಾತಾ,

ನಿನ್ನ ಕಾಗದವನ್ನು ಕಚೇರಿಯಲ್ಲೇ ಓದಿ ಜೋರಾಗಿ ನಕ್ಕುಬಿಟ್ಟೆ. ನಮ್ಮ ಹಿರಿಯ ವಕೀಲರು ಕನ್ನಡಕದ ಮೇಲಿಂದ ನೋಡಿದರು. ಇಲ್ಲಿ ಯಾರೂ ನಗುವುದಿಲ್ಲ ಮಾರಾಯ.

ಒಳ್ಳೆಯ ಸುದ್ದಿ ಇದೆ. ಅಬುಧಾಬಿಯ ಹೂಡಿಕೆದಾರರು ಮಾತಿಗೆ ಕೂತಿದ್ದಾರೆ. ಆದರೆ ಇಲ್ಲಿಯ ಕಂಪನಿಯಲ್ಲಿ ನೇರವಾಗಿ ಹಣ ಹಾಕುವುದು ಅವರಿಗೆ ಬೇಡ. ಅಲ್ಲೊಂದು ತಾಯಿ ಕಂಪನಿ ಹುಟ್ಟಿಸಿ, ನಮ್ಮದನ್ನು ಅದರ ಮಗಳನ್ನಾಗಿ ಮಾಡಬೇಕು. ಇಲ್ಲಿಯ ಪಾಲು ಬಿಟ್ಟುಕೊಟ್ಟವರಿಗೆ ಅಲ್ಲಿ ಪಾಲು. ಬೆಳೆಯುವ ಕಂಪನಿಗಳೆಲ್ಲ ಹೀಗೇ ಮಾಡುವುದು, ಹೆದರುವಂಥದ್ದೇನಿಲ್ಲ. ಆ್ಯಪ್ ಕಟ್ಟಿದ ಯುಸ್ರಿ ದಿನವೂ ಇಲ್ಲಿಗೆ ಬಂದು ಕೂರುತ್ತಾನೆ. ಹುಡುಗ ಚುರುಕು. ನಿನಗೆ ಸಲಾಮು ಹೇಳಿದ್ದಾನೆ.

ನೀನು ಊಟ ಮಾಡು, ಅಧಿಕಾರಿಗಳ ಜೊತೆ ವಾದಕ್ಕೆ ಇಳಿಯಬೇಡ. ಬಾಯಿಗೆ ಬಂದ ಸತ್ಯವನ್ನೆಲ್ಲ ಹೇಳುವ ಜಾಗ ಅದಲ್ಲ. ಅಮ್ಮನನ್ನು ಹೋದ ಶುಕ್ರವಾರ ನೋಡಿಬಂದೆ. ನೀನು ಬೆಳ್ಳಗಾಗಿ ಬರುತ್ತೀಯಾ, ಕಪ್ಪಗಾಗಿ ಬರುತ್ತೀಯಾ ಎಂದು ಕೇಳುತ್ತಿದ್ದರು.

ನಿನ್ನ
ಮೆರ್ವತ್


ಮರ್ಸಾ ಮತ್ರೂಹ್ ಶಿಬಿರ
೨ ಡಿಸೆಂಬರ್ ೨೦೨೩

ಅಕ್ಕಾ,

ಅಮ್ಮನಿಗೆ ಹೇಳು, ಕಪ್ಪಗೆ. ಬೂಟಿನ ಒಳಗಿನ ಪಾದ ಮಾತ್ರ ಬೆಳ್ಳಗೆ.

ತಾಯಿ ಕಂಪನಿ, ಮಗಳು ಕಂಪನಿ ಎಲ್ಲ ಅರ್ಥವಾಯಿತು. ಆದರೆ ಅಸ್ತರ್ಜಿಗಳ ಕಾಲು ಪಾಲಿನ ಬಗ್ಗೆ ನೀನು ಒಂದಕ್ಷರವೂ ಬರೆದಿಲ್ಲ. ಮರೆತಿರಬೇಕು. ಆ ಪಾಲು ಅಬುಧಾಬಿಗೆ ಹೋಗುವಾಗಲೂ ಜೊತೆಗೆ ಹೋಗುತ್ತದೆ ಅಲ್ಲವಾ?

ನನ್ನ ಪಕ್ಕದ ಮಂಚದಲ್ಲಿ ಅಸ್ಯೂತ್‌ನ ಬೆಶೀರ್ ಮಲಗುತ್ತಾನೆ. ಕಾನೂನು ಓದಿದವನು, ಆದ್ದರಿಂದ ಅವನದು ಒಂದೇ ವರ್ಷ. ಆ ಸೊಕ್ಕೂ ಇದೆ. ಬಟ್ಟೆ ಒಗೆಯುತ್ತ ಕೂತಿದ್ದಾಗ ನಿನ್ನನ್ನು ಹೊಗಳಿದೆ. ಅವನು ಕೇಳಿದ:

"ಅವರು ಯಾರ ವಕೀಲರೋ? ನಿಂದಾ, ಕಂಪನೀದಾ?"

"ಕಂಪನಿ ಯಾರ್ದಯ್ಯಾ? ನಂದೇ."

"ನಾನು ಕೇಳಿದ್ದು ಅದಲ್ಲ. ನಿಂಗೂ ಕಂಪನಿಗೂ ಜಗಳ ಬಂದ್ರೆ ಅವರು ಯಾವ ಕಡೆ ಕೂರ್ತಾರೆ?"

"ನನಗೂ ನನ್ನ ಅಂಗಿಗೂ ಜಗಳ ಬರುತ್ತೇನೋ, ಪೆದ್ದ?"

"ಅಂಗಿ ಬಿಚ್ಚಿಸ್ಕೊಂಡು ಬೇರೆಯವ್ರು ಹಾಕ್ಕೊಂಡಾಗ ಗೊತ್ತಾಗುತ್ತೆ ಬಿಡು," ಎಂದ.

ಸೋಪಿನ ನೀರು ಅವನ ಮುಖಕ್ಕೆ ಎರಚಿದೆ. ಓದಿದವರಿಗೆ ಯಾರ ಮೇಲೂ ನಂಬಿಕೆ ಇಲ್ಲ, ನಿನ್ನೊಬ್ಬಳನ್ನು ಬಿಟ್ಟು. ಬೇಗ ಬರಿ.

ಶಹಾತಾ


ಮರ್ಸಾ ಮತ್ರೂಹ್ ಶಿಬಿರ
೨೦ ಜನವರಿ ೨೦೨೪

ಅಕ್ಕಾ,

ನಿನ್ನ ಕಾಗದ ಬಂದಿಲ್ಲ. ಚಳಿಗೆ ಅಂಚೆಯವನು ಹೆಪ್ಪುಗಟ್ಟಿದನೋ, ನೀನೋ? ಕೆಲಸದಲ್ಲಿ ಮುಳುಗಿರುತ್ತೀ, ಗೊತ್ತು. ಎರಡೇ ಸಾಲು ಸಾಕು. ಕಾಲು ಪಾಲು ಬರೆದಾಯಿತು ಎಂಬ ಒಂದು ಸಾಲು, ನೀನು ಆರೋಗ್ಯ ಎಂಬ ಇನ್ನೊಂದು.

ಶಹಾತಾ


ಕೈರೋ
೧೨ ಫೆಬ್ರವರಿ ೨೦೨೪

ಶಹಾತಾ,

ಆರೋಗ್ಯವಾಗಿದ್ದೇನೆ. ಹೂಡಿಕೆದಾರರ ವಕೀಲರು ಮೂಳೆ ಬಿಡದ ನಾಯಿಗಳ ಹಾಗೆ. ನೀನು ಮೂರು ವರ್ಷ ಸಮವಸ್ತ್ರದಲ್ಲಿರುವುದು ಅವರಿಗೆ ದೊಡ್ಡ ತಲೆನೋವು. ಸಹಿ ಬೇಕೆಂದರೆ ಸಿಗುವುದಿಲ್ಲ, ಮಾತಾಡಬೇಕೆಂದರೆ ಸಿಗುವುದಿಲ್ಲ. ಅದಕ್ಕಾಗಿ ಕೆಲವು ತಾತ್ಕಾಲಿಕ ಏರ್ಪಾಡು ಮಾಡಬೇಕಾಯಿತು. ಎದುರಾದಾಗ ವಿವರವಾಗಿ ಹೇಳುತ್ತೇನೆ, ಕಾಗದದಲ್ಲಿ ಹೇಳಿದರೆ ತಲೆಕೆಳಗಾಗಿ ಅರ್ಥವಾದೀತು. ಅಸ್ತರ್ಜಿಗಳ ವಿಷಯವೂ ಅದರಲ್ಲೇ ಬರುತ್ತದೆ.

ರಜೆ ಯಾವಾಗ ಸಿಗುತ್ತದೆ ಎಂದು ಮೊದಲೇ ತಿಳಿಸು. ನನಗೆ ತಿಳಿಸದೆ ಕಂಪನಿಯ ಕಚೇರಿಯ ಕಡೆಗೆ ಹೋಗಬೇಡ, ಅಲ್ಲಿ ಈಗೆಲ್ಲ ಗಡಿಬಿಡಿ.

ಮೆರ್ವತ್


ದಮಿಯೆತ್ತ
೨೦ ಮಾರ್ಚ್ ೨೦೨೪

ಮೆರ್ವತ್,

ರಮದಾನಿನ ರಜೆ ಇದ್ದಕ್ಕಿದ್ದಂತೆ ಸಿಕ್ಕಿತು. ತಿಳಿಸಲು ಪುರುಸೊತ್ತಾಗಲಿಲ್ಲ. ಈಗ ಅನ್ನಿಸುತ್ತದೆ, ಹಾಗಾದದ್ದೇ ಒಳ್ಳೆಯದಾಯಿತು.

ಬಸ್ಸಿನಿಂದ ಇಳಿದವನು ಮನೆಗೂ ಹೋಗದೆ ಉಸ್ತಾ ಹಮ್ಮೂದಾನ ಅಂಗಳಕ್ಕೆ ಹೋದೆ. ಉಪವಾಸದ ಹೊತ್ತು, ಎಲ್ಲರೂ ಸುಮ್ಮನೆ ಬಾಗಿಲುಗಳನ್ನು ಉಜ್ಜುತ್ತಿದ್ದರು. ನನ್ನನ್ನು ನೋಡಿ ಒಬ್ಬನೂ ಏಳಲಿಲ್ಲ. ಉಸ್ತಾ ಕೈಯಲ್ಲಿದ್ದ ಬಟ್ಟೆಯುಂಡೆಯನ್ನು ಕೆಳಗಿಡದೆಯೇ ಹೇಳಿದ:

"ಬಂದ್ರಾ ಬಾಶಾ? ಬನ್ನಿ, ಕುರ್ಚಿ ಹಾಕ್ರೋ ಯಜಮಾನ್ರಿಗೆ."

"ಏನಾಯ್ತು ಉಸ್ತಾ?"

"ನಮಗೇನಾಗುತ್ತೆ? ಹೊಸ ಕರಾರಿಗೆ ಹೆಬ್ಬೆಟ್ಟು ಒತ್ತಿದ್ವಿ. ತಡ ಆದ್ರೆ ದಂಡ, ಗಿರಾಕಿ ಮುಖ ಸಿಂಡರಿಸಿದ್ರೆ ದಂಡ. ನಮ್ಮ ಕಾಲು ಪಾಲು ಎಲ್ಲಿ ಅಂದಿದ್ದಕ್ಕೆ ಆ ಯುಸ್ರಿ, 'ಯಾವ ಪಾಲು? ಶಹಾತಾ ಮಾರ್ಕೊಂಡು ಹೋದ್ನಲ್ಲ' ಅಂದ. ಎಷ್ಟಕ್ಕೆ ಮಾರಿದ್ಯೋ ನಮ್ಮನ್ನ?"

"ನಾನು ಮಾರಿಲ್ಲ. ದೇವರಾಣೆ ಮಾರಿಲ್ಲ."

"ದೇವರನ್ನ ಬಿಡು. ಹೋದ ಸಲ ಅವನ ಮಾತನ್ನೇ ಓದಿ ನಂಬಿಸಿದೆ."

ಆ ಮಾತಿಗೆ ಅಂಗಳದಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಮಾರನೆಯ ದಿನ ಕೈರೋಗೆ ಬಂದೆ. ಕಂಪನಿಯ ಕಚೇರಿಯಲ್ಲಿ ಯುಸ್ರಿ ಕೂತಿದ್ದ ಕೋಣೆಗೆ ನುಗ್ಗಿದೆ. ಅವನಿಗೆ ನನ್ನನ್ನು ಕಂಡು ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು.

"ನಿಂಗೆ ಮೆತ್ರ್ ಹೇಳಿಲ್ವಾ? ನಿನ್ನ ಹೆಸರಲ್ಲಿದ್ದಿದ್ದೆಲ್ಲ ಜನವರೀಲೇ ಮಾರಾಟ ಆಯ್ತಲ್ಲ."

"ಯಾರಿಗೆ?"

"ಅವರಿಗೇ. ಅವರು ಅದನ್ನ ಕೊಟ್ಟು ಅಬುಧಾಬೀಲಿ ಪಾಲು ತಗೊಂಡ್ರು. ನಿಂಗೆ ಗೊತ್ತು ಅಂದ್ಕೊಂಡಿದ್ದೆ ಕಣೋ. ನಿಜವಾಗ್ಲೂ."

ಅವನು ಸುಳ್ಳು ಹೇಳಲಿಲ್ಲ ಎನಿಸಿತು. ನಾನು ಮೆಟ್ಟಿಲಿಳಿದು ಎದುರಿನ ಕಾಲುದಾರಿಯಲ್ಲಿ ನಿಂತೆ. ನಿನ್ನ ಕಚೇರಿ ಅಲ್ಲಿಂದ ಹತ್ತು ನಿಮಿಷದ ದಾರಿ. ಬರಲಿಲ್ಲ. ಎದುರಿಗೆ ನಿಂತರೆ ನೀನು ಅಳುತ್ತಿದ್ದೆ, ನಾನೇ ಸಮಾಧಾನ ಮಾಡುತ್ತಿದ್ದೆ. ಬರೆದು ಹೇಳು. ಕೊಂಡದ್ದು ಹೌದಾ?

ಶಹಾತಾ


ಕೈರೋ
೨೭ ಮಾರ್ಚ್ ೨೦೨೪

ಶಹಾತಾ,

ಹೌದು.

ಈಗ ಉಳಿದದ್ದನ್ನೂ ಓದು. ಹೂಡಿಕೆದಾರರು ಎರಡೇ ಷರತ್ತು ಇಟ್ಟರು. ಪಾಲುದಾರ ಬೇಕಾದಾಗ ಕೈಗೆ ಸಿಗುವವನಾಗಿರಬೇಕು. ಮತ್ತು ಅಂಗಳದಲ್ಲಿ ಕೊಟ್ಟ ಯಾವ ಮಾತೂ ಕಂಪನಿಯ ತಲೆಯ ಮೇಲೆ ಇರಬಾರದು. ನಾನು ವಾದಿಸಿದೆ. "ಹಾಗಾದ್ರೆ ಬಿಡಿ, ಬೇರೆ ಕಂಪನಿ ನೋಡ್ಕೋತೀವಿ," ಎಂದರು. ಆಗ ಗೊಮ್ಮಲಾಕಾದ ಬಳಿ ಬಾಡಿಗೆ ಕಟ್ಟಲೂ ದುಡ್ಡಿರಲಿಲ್ಲ. ನಿನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಕಂಪನಿ ಸಾಯುತ್ತಿತ್ತು. ಉಸ್ತಾ ಹಮ್ಮೂದಾನಿಗೆ ಇವತ್ತು ಬೈಯುವುದಕ್ಕಾದರೂ ಒಂದು ಕೆಲಸ ಇದೆ, ಅದು ಇರುತ್ತಿರಲಿಲ್ಲ.

ನೀನು ಕೋಪದಲ್ಲಿ ಮರೆತಿರುವುದು ಇನ್ನೊಂದಿದೆ. ನಾನು ಕಂಪನಿಯ ವಕೀಲೆ. ಮೊದಲ ದಿನವೇ ಹೇಳಿದ್ದೆ, ನಿನ್ನ ಸ್ವಂತಕ್ಕೆ ಬೇರೆ ವಕೀಲರನ್ನು ಇಟ್ಟುಕೋ ಎಂದು. "ಅಕ್ಕ ಇರುವಾಗ ಇನ್ನೊಬ್ಬರು ಯಾಕೆ" ಎಂದು ನಕ್ಕವನು ನೀನು.

ನಿನ್ನ ಪಾಲು ಎಲ್ಲೂ ಹೋಗಿಲ್ಲ. ನನ್ನ ಹೆಸರಿನಲ್ಲಿ ಭದ್ರವಾಗಿದೆ. ನೀನು ಸೈನ್ಯದಿಂದ ಬಂದ ದಿನ ನಿನಗೇ. ಅಸ್ತರ್ಜಿಗಳದ್ದನ್ನು ಮಾತ್ರ ಉಳಿಸಲಾಗಲಿಲ್ಲ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಮಾರಾಟ ನಿನಗೆ ತಿಳಿದೇ, ಒಪ್ಪಿಗೆಯಿಂದಲೇ ಆಯಿತು, ನಿನಗೆ ಸಲ್ಲಬೇಕಾದ್ದು ಸಂದಿದೆ ಎಂದು ಅದರಲ್ಲಿದೆ. ಸಹಿ ಮಾಡಿ ಕಳಿಸು. ಅಬುಧಾಬಿಯವರು ಕೊನೆಯ ಹಣ ಬಿಡುವ ಮುನ್ನ ಅದನ್ನು ಕೇಳುತ್ತಿದ್ದಾರೆ. ಈ ವ್ಯವಹಾರ ಮುಗಿದರೆ ಹಿರಿಯರು ನನ್ನನ್ನು ಕಚೇರಿಯ ಪಾಲುದಾರಳನ್ನಾಗಿ ಮಾಡುವ ಮಾತು ಕೊಟ್ಟಿದ್ದಾರೆ. ಮುರಿದರೆ ನನ್ನ ಸನ್ನದು ಉಳಿಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಮುಚ್ಚಿಡದೆ ಹೇಳುತ್ತಿದ್ದೇನೆ.

ಅಮ್ಮನಿಗೆ ಹೇಳಬೇಡ. ಇದೊಂದನ್ನು ಬೇಡಿಕೊಳ್ಳುತ್ತೇನೆ.

ಮೆರ್ವತ್


ಮರ್ಸಾ ಮತ್ರೂಹ್ ಶಿಬಿರ
೩ ಏಪ್ರಿಲ್ ೨೦೨೪

ಮೆರ್ವತ್,

ನೀನು ಮೊದಲ ದಿನ ಹಾಗೆ ಹೇಳಿದ್ದು ನಿಜ. ನಾನು ನಕ್ಕದ್ದೂ ನಿಜ. ಆದರೆ ಹೇಳುವಾಗ ನೀನು ನನ್ನ ತಟ್ಟೆಗೆ ಮೀನಿನ ದೊಡ್ಡ ತುಂಡನ್ನು ಹಾಕುತ್ತಿದ್ದೆ. ಅದನ್ನು ವಕೀಲೆಯ ಎಚ್ಚರಿಕೆ ಎಂದು ನಾನು ಹೇಗೆ ತಿಳಿಯಬೇಕಿತ್ತು?

ಕೇಳಿದ್ದರೆ ಬೇಡ ಎನ್ನುತ್ತಿದ್ದೆ ಎಂದು ಬರೆದಿದ್ದೀ. ಹೌದು, ಎನ್ನುತ್ತಿದ್ದೆ. ಬೇಡ ಎನ್ನುವುದೇ ನನ್ನ ಪಾಲಾಗಿತ್ತು. ನೀನು ಮೊದಲು ಕೊಂಡದ್ದು ಅದನ್ನೇ.

ಹಾಳೆಯನ್ನು ಮೂರು ಸಲ ಓದಿದೆ. "ತಿಳಿದೇ" ಎಂಬುದು ಸುಳ್ಳು. "ಒಪ್ಪಿಗೆಯಿಂದಲೇ" ಎಂಬುದು ಸುಳ್ಳು. "ಸಲ್ಲಬೇಕಾದ್ದು ಸಂದಿದೆ" ಎಂಬುದಕ್ಕೆ ಬೆಶೀರ್ ಕೂಡ ನಗಲಿಲ್ಲ. ಅವನು ಹೇಳಿದ, "ಸಹಿ ಹಾಕ್ಬೇಡ. ಇದನ್ನ ಅಬುಧಾಬಿಗೆ ನೇರವಾಗಿ ಕಳಿಸು, ಅವಳ ಕಥೆ ಮುಗೀತು." ನಾನು ಹಾಗೆ ಮಾಡುವುದಿಲ್ಲ. ನಿನ್ನ ಕಥೆ ಮುಗಿಸಿ ನನಗೇನೂ ಆಗಬೇಕಿಲ್ಲ.

ಬೇರೆ ಹಾಳೆ ಬರೆದಿದ್ದೇನೆ, ನನ್ನದೇ ಕೈಬರಹದಲ್ಲಿ. ಮಾರಾಟವಾದಾಗ ನನಗೆ ತಿಳಿಸಿರಲಿಲ್ಲ. ಈಗ ತಿಳಿದ ಮೇಲೆ ನನ್ನ ಸ್ವಂತದ ಪಾಲನ್ನು ಪೂರ್ತಿ ಬಿಟ್ಟುಕೊಡುತ್ತೇನೆ, ಮರಳಿ ಬೇಡ, ಬಂದಮೇಲೂ ಬೇಡ. ಬದಲಿಗೆ ಅಸ್ತರ್ಜಿಗಳ ಕಾಲು ಪಾಲನ್ನು ಅವರವರ ಹೆಸರಿಗೆ ಬರೆಯಬೇಕು. ಅದು ನಿನ್ನ ಹೆಸರಿನಲ್ಲಿ ಇರುವುದರಲ್ಲೇ ಆಗುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಬೆಶೀರ್ ಹೇಳುತ್ತಾನೆ. ಇದರ ಕೆಳಗೆ ನನ್ನ ಸಹಿ ಇದೆ. ನಿನ್ನದನ್ನು ಹಾಕು. ಅಲ್ಲಿಗೆ ನನ್ನ ನಿನ್ನ ಲೆಕ್ಕ ಮುಗಿಯಿತು, ಯಾರಿಗೂ ದೂರು ಕೊಡುವುದಿಲ್ಲ.

ಅಮ್ಮನಿಗೆ ನಾನಾಗಿ ಹೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ. ಹಬ್ಬಕ್ಕೆ ರಜೆ ಇದೆ, ಉತ್ತರವನ್ನು ಮನೆಗೆ ಕಳಿಸು.

ಶಹಾತಾ


ಕೈರೋ
೭ ಏಪ್ರಿಲ್ ೨೦೨೪

ಮಾನ್ಯ ಶಹಾತಾ ಅಬ್ದುಲ್ ಮುಗ್ನೀ ಅವರಿಗೆ,

ವಿಷಯ: ತಮ್ಮ ದಿನಾಂಕ ೩ ಏಪ್ರಿಲ್‌ನ ಪತ್ರ

ತಾವು ನೋಂದಣಿ ಕಚೇರಿಯಲ್ಲಿ ಸ್ವಇಚ್ಛೆಯಿಂದ ಬರೆದುಕೊಟ್ಟ ಮುಖ್ತ್ಯಾರು ಪತ್ರವು ಮಾರಾಟದ ದಿನದಂದು ಊರ್ಜಿತದಲ್ಲಿತ್ತು. ಅದರ ಆಧಾರದ ಮೇಲೆ ನಡೆದ ವ್ಯವಹಾರವು ಕ್ರಮಬದ್ಧವಾಗಿದೆ. ಈ ಬಗ್ಗೆ ಕೆಳಗೆ ಸಹಿ ಮಾಡಿದವರು ನೀಡಿದ ಹೇಳಿಕೆಯನ್ನು ಹೂಡಿಕೆದಾರರು ಅಂಗೀಕರಿಸಿದ್ದು, ತಮ್ಮ ದೃಢೀಕರಣದ ಅಗತ್ಯ ಉಳಿದಿಲ್ಲ. ತಾಯಿ ಕಂಪನಿಯಲ್ಲಿ ಕೆಳಗೆ ಸಹಿ ಮಾಡಿದವರ ಹೆಸರಿನಲ್ಲಿರುವ ಪಾಲು ಅವರ ಸ್ವಂತದ್ದು. ಅದರ ಮೇಲೆ ತಮಗಾಗಲಿ, ಮೂರನೆಯ ಯಾರಿಗೇ ಆಗಲಿ ಹಕ್ಕಿರುವುದಿಲ್ಲ.

ತಾವು ಕಳಿಸಿದ ಹಾಳೆಯನ್ನು ಸಹಿ ಇಲ್ಲದೆ ಹಿಂದಿರುಗಿಸಲಾಗಿದೆ. ಮುಂದಿನ ಪತ್ರವ್ಯವಹಾರವನ್ನು ತಮ್ಮ ವಕೀಲರ ಮೂಲಕ ನಡೆಸತಕ್ಕದ್ದು.

ಮೆರ್ವತ್ ಎಲ್-ಕಫ್ರಾವೀ
ಪಾಲುದಾರ ವಕೀಲೆ


ದಮಿಯೆತ್ತ
೧೫ ಏಪ್ರಿಲ್ ೨೦೨೪

ಮೆತ್ರ್ ಮೆರ್ವತ್ ಅವರಿಗೆ,

ನನಗೆ ವಕೀಲರಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ಇದು ಕೊನೆಯದು.

ಇವತ್ತು ಬೆಳಿಗ್ಗೆ ನೋಂದಣಿ ಕಚೇರಿಗೆ ಹೋಗಿ ಮುಖ್ತ್ಯಾರು ಪತ್ರವನ್ನು ರದ್ದು ಮಾಡಿಸಿದೆ. ಮಾರಲು ಏನೂ ಉಳಿದಿಲ್ಲ ಎಂದು ಗೊತ್ತು. ನನ್ನ ಹೆಸರು ನಿಮ್ಮ ಕೈಯಲ್ಲಿ ಇನ್ನೊಂದು ದಿನವೂ ಇರುವುದು ಬೇಡವೆನಿಸಿತು.

ಹಬ್ಬದ ಎರಡನೆಯ ದಿನ ಉಸ್ತಾ ಹಮ್ಮೂದಾನ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ಪತ್ರವನ್ನೂ ಓದಿದೆ. ಅರ್ಧ ಜನ ನನ್ನನ್ನು ನಂಬಿದರು. ಇನ್ನರ್ಧ ಜನ, ನಾನೂ ನೀವೂ ಸೇರಿ ಆಡುತ್ತಿರುವ ನಾಟಕ ಎಂದರು. ಒಬ್ಬ ಎದ್ದು ನಿಂತು, "ಓದು ಬಿಟ್ಟವನ ಹಿಂದೆ ಹೋದ್ವಲ್ಲ, ನಮ್ಮ ತಲೆಗಿಷ್ಟು," ಎಂದು ಹೊರಟುಹೋದ. ಉಸ್ತಾ ಮಾತ್ರ ಕೂತಲ್ಲಿಂದಲೇ ಕೇಳಿದ:

"ಅವಳಿಗೆ ಆ ಕಾಗದ ಬರೆದುಕೊಟ್ಟಾಗ ನಮ್ಮ ಪಾಲೂ ಅದರಲ್ಲಿತ್ತಾ?"

"ಇತ್ತು."

"ನಮ್ಮನ್ನ ಒಂದು ಮಾತು ಕೇಳಿದ್ಯಾ?"

"ಇಲ್ಲ."

"ಹಂಗಾದ್ರೆ ಅವಳು ನಿಂಗೆ ಮಾಡಿದ್ದನ್ನೇ ನೀನು ನಮಗೆ ಮಾಡಿದ್ದೀಯ," ಎಂದ. "ನೀನು ನಂಬಿಕೊಂಡು ಮಾಡ್ದೆ, ಅವಳು ತಿಳ್ಕೊಂಡು ಮಾಡಿದ್ಲು. ನಮಗೆ ಎರಡೂ ಒಂದೇ ಕಣಪ್ಪಾ."

ಸೈನ್ಯ ಮುಗಿದ ಮೇಲೆ ಅವನ ಅಂಗಳದಲ್ಲೇ ಮತ್ತೆ ಬಾಗಿಲು ಉಜ್ಜುವ ಕೆಲಸಕ್ಕೆ ಸೇರಿಸಿಕೊಳ್ಳುತ್ತೀಯಾ ಎಂದು ಕೇಳಿದೆ. "ನೋಡೋಣ," ಎಂದಿದ್ದಾನೆ.

ಹಬ್ಬಕ್ಕೆ ನೀವು ಮೈಕ್ರೋಬಸ್ಸಿನವನ ಕೈಯಲ್ಲಿ ಕಳಿಸಿದ ಕಹ್ಕ್ ಬಿಸ್ಕತ್ತಿನ ಡಬ್ಬಿ ತಲುಪಿತು. ಅಮ್ಮ ಅದನ್ನು ಬಂದವರಿಗೆಲ್ಲ ತೋರಿಸಿ, "ನನ್ನ ಮಗಳು ಕಳಿಸಿದ್ದು, ಕೈರೋದ ದೊಡ್ಡ ಅಂಗಡಿದು," ಎಂದು ಹಂಚಿದಳು. ನಾನು ತಿನ್ನಲಿಲ್ಲ. ನಿನ್ನೆ ಡಬ್ಬಿ ಖಾಲಿಯಾಯಿತು. ಅಮ್ಮ ಒಲೆಯ ಮುಂದೆ ನಿಂತಿದ್ದವಳು ನನ್ನ ಕಡೆ ತಿರುಗದೆಯೇ ಕೇಳಿದಳು: "ಮೆರ್ವತ್ ಈ ಸಲ ಹಬ್ಬಕ್ಕೆ ಯಾಕೋ ಬರ್ಲಿಲ್ಲ? ನೀನ್ಯಾಕೆ ಅವಳು ಕಳಿಸಿದ್ದನ್ನ ಮುಟ್ಲಿಲ್ಲ?"

ಹೇಳಿದೆ. ಪೂರ್ತಿ.

ಅಮ್ಮ ಅಳಲಿಲ್ಲ, ನಿಮ್ಮನ್ನು ಬೈಯಲೂ ಇಲ್ಲ. ಡಬ್ಬಿಯನ್ನು ತೊಳೆದಳು, ತಲೆವಸ್ತ್ರದ ಅಂಚಿನಿಂದ ಒರೆಸಿದಳು. ನಮ್ಮ ಓಣಿಯಲ್ಲಿ ಯಾರ ಮನೆಯ ಪಾತ್ರೆಯೂ ಬರಿದಾಗಿ ಹಿಂದಿರುಗಿದ್ದನ್ನು ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಏನೂ ಇಲ್ಲದ ಮನೆಯವರು ಒಂದು ನಿಂಬೆಹಣ್ಣನ್ನಾದರೂ ಇಡುತ್ತಾರೆ. ಅಮ್ಮನ ಕೈಗೆ ಎಟುಕುವಲ್ಲೇ ಖರ್ಜೂರವಿತ್ತು, ಅವಳೇ ಮಾಡಿದ ಹಬ್ಬದ ತಿಂಡಿಯಿತ್ತು. ಡಬ್ಬಿಯ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟು, "ಅವರ ಡಬ್ಬಿ ಅವರಿಗೆ ತಲುಪಿಸು," ಎಂದಳು.

ಈ ಪತ್ರದ ಜೊತೆ ಬರುತ್ತಿದೆ. ಅಲುಗಾಡಿಸಿ ನೋಡಬೇಕಾಗಿಲ್ಲ.

ಶಹಾತಾ ಅಬ್ದುಲ್ ಮುಗ್ನೀ